‘ತಾಲಾ’ದ ಬೆನ್ನು ಹತ್ತಿ ಹೋದ ಕಥೆ

ಸ್ವೀಡನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ ವಾರಕ್ಕೆರಡು ಸಂಜೆ ಭಾಷೆ ಕಲಿಯೋಕೆ ಹೋಗುತ್ತಿದ್ದೆ. ಉಪ್ಸಾಲಾದಲ್ಲಿ ಡಿಸೆಂಬರ್ ಅಂದರೆ ಮಧ್ಯಾಹ್ನ ಮೂರಕ್ಕೇ ಕತ್ತಲೆ. ಆಫೀಸು ಮುಗಿಸಿ ತರಗತಿಗೆ ಬರುವ ಹೊತ್ತಿಗೆ ನಡುರಾತ್ರಿ ಆದ ಹಾಗೆ ಅನ್ನಿಸುತ್ತಿತ್ತು. ಅರ್ಧ ಜನ ತೂಕಡಿಸುತ್ತಿದ್ದೆವು.

ಒಂದು ಸಂಜೆ ಟೀಚರ್ ಬೋರ್ಡಿನ ಮೇಲೆ ‘ತಾಲಾ’ ಅಂತ ಬರೆದರು. ಮಾತಾಡು ಅಂತ ಅರ್ಥ. “ಯಾಗ್ ತಾಲಾರ್ ಸ್ವೆನ್‌ಸ್ಕಾ”, ನಾನು ಸ್ವೀಡಿಶ್ ಮಾತಾಡುತ್ತೇನೆ. ಇಡೀ ತರಗತಿ ಒಕ್ಕೊರಲಿನಿಂದ ಈ ಸುಳ್ಳನ್ನು ಮೂರು ಸಲ ಹೇಳಿತು.

ಪಕ್ಕದಲ್ಲಿ ಕೂತಿದ್ದ ಅಲ್ಜೀರಿಯಾದ ಹುಡುಗಿ ಕಿಸಕ್ಕನೆ ನಕ್ಕಳು. ಬ್ರೇಕಿನಲ್ಲಿ ಕಾಫಿ ಹಿಡಿದುಕೊಂಡು ನಿಂತಾಗ ಯಾಕೆ ಅಂತ ಕೇಳಿದೆ. “ನಮ್ಮೂರಲ್ಲಿ ತಾಲಾ ಅಂದರೆ ನೀರು ಬರೋ ಜಾಗ. ಬೆಟ್ಟದ ಬುಡದಲ್ಲಿ ತಾನಾಗೇ ಉಕ್ಕುತ್ತಲ್ಲ, ಅದು. ನಮ್ಮಜ್ಜಿ ದಿನಾ ಅಲ್ಲಿಂದಾನೇ ನೀರು ಹೊರುತ್ತಿದ್ದಳು” ಅಂದಳು.

ಅವಳ ಊರು ಕಬೀಲಿಯಾದಲ್ಲಿ. ಅಲ್ಜಿಯರ್ಸ್ ನಗರದ ಪೂರ್ವಕ್ಕೆ, ಜುರ್ಜುರಾ ಬೆಟ್ಟಸಾಲಿನ ಸುತ್ತಮುತ್ತ ಇರುವ ಪ್ರದೇಶ ಅದು. ಮನೆಮಾತು ಕಬೀಲ್. ಹೊರಗಿನವರು ಬರ್ಬರ್ ಅಂತ ಕರೆಯುವ ಭಾಷಾ ಕುಟುಂಬದ್ದು. ಬರ್ಬರ್ ಅನ್ನೋ ಹೆಸರು ಅವಳಿಗೆ ಹಿಡಿಸುವುದಿಲ್ಲ. ಕನ್ನಡದಲ್ಲಿ ‘ಬರ್ಬರ’ ಅಂದರೆ ಏನು ಅಂತ ಅವಳಿಗೆ ಹೇಳಿದಾಗ, “ನೋಡಿದ್ಯಾ, ಅಲ್ಲೂ ಬಿಟ್ಟಿಲ್ಲ” ಅಂತ ಹಣೆ ಚಚ್ಚಿಕೊಂಡಳು. ಅವರು ತಮ್ಮನ್ನು ಕರೆದುಕೊಳ್ಳುವುದು ಇಮಾಝಿಘೆನ್ ಅಂತ. ಒಬ್ಬರಾದರೆ ಅಮಾಝಿಘ್.

ಅವಳು ನೀರಿನ ಜಾಗದ ಬಗ್ಗೆ ಹೇಳುತ್ತಿದ್ದಂತೆ ನನಗೆ ನಮ್ಮ ಮಲೆನಾಡಿನ ಮನೆ ಕಣ್ಣಿಗೆ ಕಟ್ಟಿತು. ನಮ್ಮಲ್ಲಿ ಅದಕ್ಕೆ ಅಬ್ಬಿ ಅನ್ನುತ್ತೇವೆ. ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ದಬ್ಬೆ ಜೋಡಿಸಿ ಹಿತ್ತಲಿಗೆ ತಂದ ನೀರು. ರಾತ್ರಿಯಿಡೀ ಕಲ್ಲಿನ ಮರಿಗೆಗೆ ಸುರಿಯುತ್ತಲೇ ಇರುತ್ತಿತ್ತು. ಆ ಸದ್ದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಮನೆಗೆ ಹೋಗುವ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದು ಸಿದ್ಧಾಂತ ಮೊಳೆಯಿತು. ಹೆಂಗಸರು ನೀರಿಗೆ ಹೋಗುತ್ತಾರೆ. ನೀರಿಗೆ ಹೋದಲ್ಲಿ ಊರ ಸುದ್ದಿಯೆಲ್ಲ ಮಾತಾಡುತ್ತಾರೆ. ಹಾಗಾಗಿ ನೀರಿನ ಜಾಗ, ಮಾತಿನ ಜಾಗ! ಈ ಕಡೆಯ ಹಳೇ ಕಾಲದ ಕಡಲುಗಳ್ಳರು, ವೈಕಿಂಗರು, ಹಡಗಿನಲ್ಲಿ ಆಫ್ರಿಕಾದ ದಡಕ್ಕೆ ಹೋಗಿದ್ದರಂತೆ, ಅಲ್ಲಿಂದ ಶಬ್ದ ಹೊತ್ತು ತಂದಿರಬೇಕು. ಇಳಿಯುವ ಸ್ಟಾಪ್ ಬರುವಷ್ಟರಲ್ಲಿ ಇನ್ನೊಂದು ಹೊಳೆಯಿತು. ತಲಕಾವೇರಿ! ನಮ್ಮ ಕಾವೇರಿ ಹುಟ್ಟುವ ಜಾಗದ ಹೆಸರಲ್ಲೇ ‘ತಲ’ ಇದೆಯಲ್ಲ. ಒರತೆ, ತಾಲಾ, ತಲಕಾವೇರಿ. ಮೈ ಜುಮ್ಮೆಂದಿತು. ತಡೆಯಲಾರದೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿದೆ. ಐದೇ ನಿಮಿಷದಲ್ಲಿ ಚಿಕ್ಕಪ್ಪನ ಉತ್ತರ ಬಂತು: “ಎಲ್ಲಕ್ಕೂ ಮೂಲ ಕನ್ನಡವೇ ಅಂತ ನಾನು ಮೊದಲಿನಿಂದ ಹೇಳ್ತಾ ಇದೀನಿ.” ಮರುದಿನ ನೋಡಿದರೆ ಅದು ಇನ್ನೂ ಮೂರು ಗುಂಪುಗಳಿಗೆ ಹೋಗಿತ್ತು.

ಈಗ ಅದನ್ನು ಸಾಬೀತು ಮಾಡಬೇಕಿತ್ತು. ಇಲ್ಲದಿದ್ದರೆ ಮರ್ಯಾದೆ ಪ್ರಶ್ನೆ. ಆಮೇಲಿನ ಆರು ತಿಂಗಳು ನಾನು ಮಾಡಿದ ಕೆಲಸ ಇಲ್ಲಿದೆ. ನಾನು ಭಾಷಾಶಾಸ್ತ್ರ ಓದಿದವನಲ್ಲ, ಸಾಫ್ಟ್‌ವೇರ್ ಟೆಸ್ಟರ್. ಆದರೆ ಒಂದು ಶಬ್ದವನ್ನು ಪರೀಕ್ಷೆ ಮಾಡೋದಕ್ಕೂ ಬಗ್ ಹುಡುಕೋದಕ್ಕೂ ಅಂಥ ವ್ಯತ್ಯಾಸ ಇಲ್ಲ. ಮೇಲ್ನೋಟಕ್ಕೆ ಸರಿಯಾಗಿ ಕಾಣುವುದನ್ನೇ ಮೊದಲು ಅನುಮಾನಿಸಬೇಕು.

ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ನಾಲ್ಕು ಅಂಕಣ ಎಳೆದೆ. ಶಬ್ದ, ಉಚ್ಚಾರ, ಹಳೆಯ ದಾಖಲೆ, ದಾಯಾದಿಗಳು.

ಉಚ್ಚಾರದಲ್ಲೇ ಮೊದಲ ಪೆಟ್ಟು ಬಿತ್ತು. ಅವಳನ್ನು ಕೂರಿಸಿ ಹತ್ತು ಸಲ ತಾಲಾ ಅನ್ನಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಟೀಚರ್ ಹತ್ತಿರವೂ ಹಾಗೇ ಮಾಡಿಸಿದೆ. ಅಕ್ಕಪಕ್ಕ ಇಟ್ಟು ಕೇಳಿದರೆ ಎರಡರಲ್ಲೂ ನಮ್ಮ ‘ತ’ ಇಲ್ಲವೇ ಇಲ್ಲ! ಸ್ವೀಡಿಶ್‌ನವರು ಪದದ ಶುರುವಿನ ತಕಾರಕ್ಕೆ ಉಸಿರು ಸೇರಿಸುತ್ತಾರೆ. ಕನ್ನಡದ ಕಿವಿಗೆ ಅದು ಸ್ಪಷ್ಟವಾಗಿ ‘ಥಾಲ’. ಕಬೀಲ್‌ನವರು ನಾಲಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಡುತ್ತಾರೆ, ಇಂಗ್ಲಿಷಿನ ‘ಥಿಂಕ್’ನಲ್ಲಿ ಇಂಗ್ಲಿಷರು ಮಾಡುವ ಹಾಗೆ. ನಾವು ಬರೆದರೆ ಅದನ್ನೂ ‘ಥ’ ಅಂತಲೇ ಬರೆಯಬೇಕು, ಬೇರೆ ಅಕ್ಷರ ಇಲ್ಲ. ಸ್ವೀಡಿಶ್‌ನಲ್ಲಿ ಪದದ ಮೇಲೆ ಒಂದು ರಾಗ ಬೇರೆ ಇದೆ, ಏರಿ ಇಳಿದು ಮತ್ತೆ ಏರುವ ಹಾಗೆ. ಇವೆರಡು ಒಂದೇ ಅಂತ ಅನ್ನಿಸಿದ್ದು ರೋಮನ್ ಅಕ್ಷರದಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತಾರೆ ಅನ್ನೋ ಕಾರಣಕ್ಕೆ ಮಾತ್ರ. ಕಣ್ಣು ಮಾಡಿದ ಮೋಸ.

ಆದರೂ ಬಿಡಲಿಲ್ಲ. ಉಚ್ಚಾರ ಬದಲಾಗುತ್ತೆ, ಮೂಲ ಒಂದೇ ಇರಬಹುದಲ್ವಾ?

ಎರಡನೆಯ ಪೆಟ್ಟು ನಿಘಂಟಿನಿಂದ. ಸ್ವೀಡಿಶ್ ಕಡೆ ಕಷ್ಟವಿರಲಿಲ್ಲ. ಸ್ವೀಡಿಶ್ ಅಕಾಡೆಮಿಯ ದೊಡ್ಡ ನಿಘಂಟು ಇದೆ. 1883ರಲ್ಲಿ ಕೆಲಸ ಶುರುವಾಗಿ 2023ರಲ್ಲಿ ಮುಗಿಯಿತು, ಬರೋಬ್ಬರಿ 140 ವರ್ಷ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಕಬೀಲ್‌ಗೆ ಜಾನ್-ಮಾರಿ ದಾಲೆ ಎಂಬ ಪಾದ್ರಿಯ ಕಬೀಲ್–ಫ್ರೆಂಚ್ ನಿಘಂಟು ಇದೆ. 1982ರಲ್ಲಿ ಪ್ರಕಟವಾದದ್ದು. ಅದರಲ್ಲಿ ‘ತ’ ಅಕ್ಷರದ ಪುಟಗಳನ್ನು ತೆಗೆದು ಹುಡುಕಿದೆ. ತಾಲಾ ಇಲ್ಲ. ಇಷ್ಟು ಸಾಮಾನ್ಯ ಶಬ್ದ ನಿಘಂಟಿನಲ್ಲಿ ಇಲ್ಲ ಅಂದರೇನು?

ಸಹಪಾಠಿಗೆ ಹೇಳಿದೆ. ಅವಳು ನಕ್ಕು, “ಲಕಾರದಲ್ಲಿ ನೋಡು” ಅಂದಳು.

ಲಕಾರದಲ್ಲೇ ಇತ್ತು. ವಿಷಯ ಏನಪ್ಪಾ ಅಂದರೆ, ಈ ಭಾಷೆಗಳಲ್ಲಿ ಶಬ್ದದ ಮುಂದಿನ ‘ತ’ ಸ್ತ್ರೀಲಿಂಗದ ಗುರುತು. ಅಖ್ಶಿಶ್ ಅಂದರೆ ಹುಡುಗ, ತಖ್ಶಿಶ್ತ್ ಅಂದರೆ ಹುಡುಗಿ. ಅಮ್ಘಾರ್ ಮುದುಕ, ತಮ್ಘಾರ್ತ್ ಮುದುಕಿ. ಜನ ಅಮಾಝಿಘ್ ಆದರೆ ಅವರ ಭಾಷೆ ತಮಾಝಿಘ್ತ್. ಅದೂ ಸ್ತ್ರೀಲಿಂಗವೇ. ಹಾಗಾಗಿ ನಿಘಂಟು ಮಾಡುವವರು ಆ ‘ತ’ವನ್ನು ಕಿತ್ತು ಪಕ್ಕಕ್ಕಿಟ್ಟು, ಒಳಗಿನ ಮೂಲ ವ್ಯಂಜನದ ಪ್ರಕಾರ ಜೋಡಿಸುತ್ತಾರೆ. ತಾಲಾದಲ್ಲಿ ಮುಂದಿನ ತಕಾರ ತೆಗೆದರೆ ಗಟ್ಟಿಯಾಗಿ ಉಳಿಯುವುದು ಒಂದು ಲಕಾರ. ಬಹುವಚನದಲ್ಲಿ ಸ್ವರಗಳೂ ಬದಲಾಗಿಬಿಡುತ್ತವೆ. ಒಂದು ತಾಲಾ, ಹತ್ತು ತಿಲೀವಾ.

ಬಹುವಚನ ಖಚಿತ ಮಾಡಿಕೊಳ್ಳಲು ಅವಳು ಅಲ್ಲೇ ತನ್ನ ಅಮ್ಮನಿಗೆ ಫೋನ್ ಹಚ್ಚಿದಳು. ಅವರು ಆ ಕಡೆಯಿಂದ ತಿಲೀವಾ, ತಿಲೀವಾ ಅಂತ ಎರಡು ಸಲ ಹೇಳಿ, ಯಾರು ಕೇಳ್ತಿರೋದು, ಯಾಕೆ ಅಂತ ವಿಚಾರಿಸಿದರಂತೆ. ಇಂಡಿಯಾದವನೊಬ್ಬ ನಿಮ್ಮೂರ ಒರತೆ ಲೆಕ್ಕ ಹಾಕ್ತಿದಾನೆ ಅಂದಳಂತೆ.

ಸ್ವೀಡಿಶ್ ತಾಲಾದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ‘ತಾಲ್’ ಅನ್ನೋದೇ ಮೂಲ. ಕೊನೆಯ ‘ಆ’ ಸುಮ್ನೆ ಕ್ರಿಯಾಪದದ ಬಾಲ, ನಮ್ಮ ‘ಮಾತಾಡು’ವಿಗೆ ‘ಅಲು’ ಹಚ್ಚಿ ‘ಮಾತಾಡಲು’ ಮಾಡಿದ ಹಾಗೆ. ಅಂದರೆ ಒಂದು ಕಡೆ ತಕಾರ ಮೈಗೆ ಸೇರಿದ್ದು. ಇನ್ನೊಂದು ಕಡೆ ಅದು ತೊಟ್ಟ ಅಂಗಿ. ಮೈಯನ್ನೂ ಅಂಗಿಯನ್ನೂ ಹೋಲಿಸಿ ಅಣ್ಣತಮ್ಮ ಅಂತ ಹೇಳಿದ್ದೆ ನಾನು.

ಅಷ್ಟು ಹೊತ್ತಿಗೆ ನನ್ನ ಸಿದ್ಧಾಂತಕ್ಕೆ ಉಸಿರು ಸಿಕ್ಕಿಕೊಂಡಿತ್ತು. ಆದರೆ ನಿಜವಾದ ಮಜಾ ಶುರುವಾದದ್ದು ಸ್ವೀಡಿಶ್ ತಕಾರವನ್ನು ಹಿಂದಕ್ಕೆ ಹಿಂಬಾಲಿಸಿದಾಗ.

ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು, ‘ಪೂ’ ಹೋಗಿ ‘ಹೂ’ ಆಯಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಒಂದು ಶಬ್ದದಲ್ಲಲ್ಲ, ಸಾಲಾಗಿ ಆದ ಬದಲಾವಣೆ ಅದು. ಸ್ವೀಡಿಶ್, ಇಂಗ್ಲಿಷ್, ಜರ್ಮನ್ ಎಲ್ಲದರ ತಾಯಿಭಾಷೆಯಲ್ಲೂ ಅಂಥದ್ದೇ ಒಂದು ನಡೆದಿದೆ. ಹಳೆಯ ‘ದ’ ಅಲ್ಲಿ ‘ತ’ ಆಯಿತು. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಇದನ್ನು 1818ರಲ್ಲಿ ಬರೆದು ತೋರಿಸಿದ್ದ. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ವ್ಯವಸ್ಥಿತವಾಗಿ ಹೇಳಿದ ಮೇಲೆ ಅದಕ್ಕೆ ಗ್ರಿಮ್ ನಿಯಮ ಅಂತಲೇ ಹೆಸರು ಬಿತ್ತು. ನಮಗೆ ಇದನ್ನು ಅರ್ಥ ಮಾಡಿಕೊಳ್ಳೋಕೆ ಲ್ಯಾಟಿನ್ ಬೇಕಾಗಿಲ್ಲ, ಸಂಸ್ಕೃತದಿಂದ ಬಂದ ಶಬ್ದಗಳೇ ಸಾಕು. ನಮ್ಮ ದಂತಕ್ಕೆ ಸ್ವೀಡಿಶ್‌ನಲ್ಲಿ ತಾಂಡ್. ದಶಕ್ಕೆ ತೀಯೊ. ದ್ವಿಗೆ ತ್ವೋ. ಇದನ್ನು ಪುಸ್ತಕದಲ್ಲಿ ಬರೆದುಕೊಂಡ ರಾತ್ರಿ ಹಲ್ಲುಜ್ಜುತ್ತಾ ಕನ್ನಡಿ ಮುಂದೆ ತಾಂಡ್, ದಂತ, ತಾಂಡ್, ದಂತ ಅಂತ ಹೇಳಿಕೊಳ್ಳುತ್ತಿದ್ದೆ. ಹೆಂಡತಿ ಒಂದು ನೋಟ ನೋಡಿ ಬಾಗಿಲು ಹಾಕಿಕೊಂಡು ಹೋದಳು.

ಈ ನಿಯಮದ ಪ್ರಕಾರ ತಾಲಾದ ತಕಾರವೂ ಒಂದು ಕಾಲಕ್ಕೆ ದಕಾರ. ಅದರ ಮೂಲ ‘ದೆಲ್’ ಅಂತ ಊಹಿಸುತ್ತಾರೆ, ಎಣಿಸು ಅನ್ನೋ ಅರ್ಥದ್ದು. ಅಂದರೆ ಕಾಲದಲ್ಲಿ ಹಿಂದೆ ಹಿಂದೆ ಹೋದಂತೆ ಸ್ವೀಡಿಶ್ ತಾಲಾ ‘ದ’ದ ಕಡೆಗೆ ಹೋಗುತ್ತದೆ, ಕಬೀಲ್ ತಾಲಾ ತನ್ನ ತಕಾರವನ್ನೇ ಕಳಚಿಡುತ್ತದೆ. ಇವತ್ತು ಒಂದೇ ಥರ ಕಾಣುವ ಎರಡು ಶಬ್ದಗಳು ಹಿಂದೆ ಹೋದಷ್ಟೂ ದೂರ ದೂರ. ನಿಜವಾದ ದಾಯಾದಿಗಳಾದರೆ ಹೀಗಾಗೋದಿಲ್ಲ. ತಾಂಡ್ ಮತ್ತು ದಂತ ಇವತ್ತು ಬೇರೆ ಕಾಣುತ್ತವೆ, ಹಿಂದೆ ಹೋದರೆ ಒಂದೇ ಮನೆ ಸೇರುತ್ತವೆ.

ಇನ್ನು ವೈಕಿಂಗರ ವಿಷಯ. ಇದನ್ನು ಬಿಟ್ಟುಕೊಡೋದು ಮಾತ್ರ ನನಗೆ ಬಹಳ ಕಷ್ಟವಾಯಿತು. ಯಾಕೆಂದರೆ ಅವರು ನಿಜವಾಗಿಯೂ ಅಲ್ಲಿಗೆ ಹೋಗಿದ್ದರು. ಈಗಿನ ಮೊರಾಕೊದ ಉತ್ತರ ದಡದಲ್ಲಿ, ರಿಫ್ ಬೆಟ್ಟಗಳ ಹತ್ತಿರ, ನೆಕೋರ್ ಎಂಬ ಊರಿತ್ತು. 858–59ರ ಸುಮಾರಿಗೆ ವೈಕಿಂಗರ ಹಡಗುಗಳು ಬಂದು ಅದನ್ನು ಲೂಟಿ ಮಾಡಿ ಎಂಟು ದಿನ ಹಿಡಿದಿಟ್ಟುಕೊಂಡಿದ್ದವು ಅಂತ 11ನೇ ಶತಮಾನದ ಅರಬ್ ಭೂಗೋಳಕಾರ ಅಲ್-ಬಕ್ರಿ ಬರೆದಿದ್ದಾನೆ. ಆ ಜಾಗದ ಹತ್ತಿರವೇ ಅಲ್ ಹೊಸೀಮಾ ಅನ್ನೋ ಪಟ್ಟಣ ಇದೆ. ಪಟ್ಟಣದ ಪಕ್ಕದ ಒಂದು ಕಡಲತೀರದ ಹೆಸರು, ಕೇಳಿ, ತಾಲಾ ಯೂಸೆಫ್! ನಕ್ಷೆಯಲ್ಲಿ ಇದನ್ನು ನೋಡಿದ ದಿನ ನನ್ನ ಸಿದ್ಧಾಂತ ಎದ್ದು ಕೂತು ಊಟ ಕೇಳಿತು.

ಆದರೆ ರಿಫ್‌ನ ಮಾತಿನಲ್ಲಿ (ಅದೂ ಕಬೀಲ್‌ನ ಕುಟುಂಬದ್ದೇ) ಒರತೆಯನ್ನು ತಾಲಾ ಅನ್ನೋದೇ ಇಲ್ಲ. ಅವರು ಲಕಾರವನ್ನು ರಕಾರ ಮಾಡಿಬಿಡುತ್ತಾರೆ. ಒರತೆಗೆ ‘ತಾರಾ’. ಹೃದಯಕ್ಕೆ ಕಬೀಲ್‌ನಲ್ಲಿ ‘ಉಲ್’, ಇಲ್ಲಿ ‘ಉರ್’. ಇದನ್ನು ಓದಿದ ಕೂಡಲೇ ನನಗೆ ನೆನಪಾದದ್ದು ತುಳು. ನಮ್ಮ ‘ತಲೆ’ಗೆ ಅವರು ‘ತರೆ’ ಅನ್ನುತ್ತಾರೆ. ಎರಡು ಖಂಡಗಳಲ್ಲಿ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಜನ, ಒಂದೇ ತುಂಟಾಟ. ಲ ಮತ್ತು ರ ಎರಡೂ ನಾಲಗೆಯ ತುದಿಯಲ್ಲೇ ಹುಟ್ಟುವ ಸದ್ದುಗಳು. ಒಂದು ಜಾರಿ ಇನ್ನೊಂದಾಗುವುದು ಸುಲಭ.

ಕೊನೆಗೆ ತೀರ್ಪು ಕೊಟ್ಟದ್ದು ನನ್ನ ಮೂರನೆಯ ಅಂಕಣ, ಹಳೆಯ ದಾಖಲೆ. ರೋಮನ್ ಇತಿಹಾಸಕಾರ ಸಲ್ಲಸ್ಟ್ ಕ್ರಿಸ್ತಪೂರ್ವ ಮೊದಲ ಶತಮಾನದವನು. ಉತ್ತರ ಆಫ್ರಿಕಾದ ನುಮಿಡಿಯಾ ರಾಜ್ಯದ ರಾಜ ಜುಗುರ್ಥನ ಜೊತೆಗಿನ ಯುದ್ಧದ ಬಗ್ಗೆ ಬರೆಯುತ್ತಾ ಅವನು ‘ಥಾಲಾ’ ಅನ್ನೋ ಕೋಟೆಯೂರನ್ನು ಹೆಸರಿಸುತ್ತಾನೆ. ಜುಗುರ್ಥ ತನ್ನ ಮಕ್ಕಳನ್ನೂ ಖಜಾನೆಯನ್ನೂ ಅಲ್ಲಿ ಇಟ್ಟಿದ್ದ. ರೋಮನ್ ಸೇನಾಪತಿ ಮೆಟೆಲ್ಲಸ್ ಅಲ್ಲಿಗೆ ಹೊರಟಾಗ ದಾರಿಯಲ್ಲಿ 50 ಮೈಲಿ ನೀರೇ ಇಲ್ಲ. ಸಾಮಾನೆಲ್ಲ ಕೆಳಗಿಳಿಸಿ, ಪ್ರಾಣಿಗಳ ಮೇಲೆ ಹತ್ತು ದಿನದ ಧಾನ್ಯ ಮತ್ತು ತೊಗಲಿನ ಚೀಲಗಳಲ್ಲಿ ನೀರು ಮಾತ್ರ ಹೇರಿಸಿದನಂತೆ. ಮುತ್ತಿಗೆ 40 ದಿನ ನಡೆಯಿತು. ಇನ್ನೊಂದು ಕಡೆ ಸಲ್ಲಸ್ಟ್ ನಡುವೆ ಒಂದು ಮಾತು ಸೇರಿಸುತ್ತಾನೆ: ಥಾಲಾದ ಗೋಡೆಯಿಂದ ಸ್ವಲ್ಪ ದೂರದಲ್ಲಿ ಕೆಲವು ಒರತೆಗಳಿದ್ದವು ಅಂತ.

ಒರತೆಗಳಿದ್ದವು! ಊರಿನ ಹೆಸರಿನ ಅರ್ಥ ಅವನಿಗೆ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ಆದರೂ ಹೇಳಿಬಿಟ್ಟಿದ್ದಾನೆ. ಟ್ಯುನೀಶಿಯಾದಲ್ಲಿ ಈಗಲೂ ಥಾಲಾ ಅನ್ನೋ ಪಟ್ಟಣ ಇದೆ. ಸಲ್ಲಸ್ಟ್ ಹೇಳಿದ್ದು ಅದನ್ನೇನಾ ಅಂತ ವಿದ್ವಾಂಸರು ಇನ್ನೂ ಜಗಳ ಆಡುತ್ತಾರೆ. ಆಡಿಕೊಳ್ಳಲಿ. ಆ ಹೆಸರು ಒರತೆಯ ತಾಲಾವೇ ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ, ನನಗೆ ಅಷ್ಟು ಸಾಕು. ವೈಕಿಂಗರು ನೆಕೋರ್‌ಗೆ ಬರುವ ಸುಮಾರು 900 ವರ್ಷ ಮೊದಲೇ ಶಬ್ದ ಅಲ್ಲಿತ್ತು. ಅತ್ತ ಸ್ವೀಡಿಶ್ ತಾಲಾದ ಅಕ್ಕತಂಗಿಯರು ಇಂಗ್ಲಿಷ್, ಡಚ್, ಜರ್ಮನ್ ಎಲ್ಲದರಲ್ಲೂ ಇದ್ದಾರೆ. ಅಂದರೆ ಅವರೆಲ್ಲ ಒಂದೇ ಮನೆಯಲ್ಲಿದ್ದ ಕಾಲದ ಶಬ್ದ ಅದು, ವೈಕಿಂಗರಿಗಿಂತ ಎಷ್ಟೋ ಹಳೆಯದು. ಯಾರೂ ಯಾರಿಂದಲೂ ತಂದಿಲ್ಲ.

ಪುಸ್ತಕದಲ್ಲಿ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆದೆ. ವಾಟ್ಸಾಪ್ ಗುಂಪಿನಲ್ಲಿ ತಪ್ಪೊಪ್ಪಿಗೆಯನ್ನೂ ಹಾಕಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಆದರೆ ಎರಡೂ ಶಬ್ದಗಳು ಅಷ್ಟರಲ್ಲಿ ನನಗೆ ಗಂಟುಬಿದ್ದಿದ್ದವು. ನಂಟು ಇಲ್ಲ ಅಂತ ಗೊತ್ತಾದ ಮೇಲೆ ಒಂದೊಂದನ್ನೂ ಅದರ ಪಾಡಿಗೆ ನೋಡೋಕೆ ಬಿಡುವಾಯಿತು.

ಸ್ವೀಡಿಶ್‌ನ ‘ತಾಲ್’ ಅಂದರೆ ಮಾತು, ಭಾಷಣ. ಅದೇ ‘ತಾಲ್’ ಅಂದರೆ ಸಂಖ್ಯೆ ಕೂಡ. ಡೇನಿಶ್‌ನಲ್ಲಿ ಸಂಖ್ಯೆಗೆ ‘ತಾಲ್’, ಭಾಷಣಕ್ಕೆ ‘ತಾಲೆ’. ಮೊದಲಿಗೆ ಇವೆರಡು ಬೇರೆ ಬೇರೆ ಶಬ್ದ, ಹೊಂದಿಕೊಂಡಿವೆ ಅಷ್ಟೇ ಅಂದುಕೊಂಡಿದ್ದೆ. ಹೊಸದಾಗಿ ಪೆಟ್ಟು ತಿಂದವನಿಗೆ ಎಲ್ಲವೂ ಆಕಸ್ಮಿಕ ಅನ್ನಿಸುತ್ತಲ್ಲ. ಇಲ್ಲಿ ಮಾತ್ರ ಅದು ತಪ್ಪು. ಇವೆರಡು ಒಂದೇ. ಮೊದಲು ಎಣಿಸುವುದು, ಆಮೇಲೆ ಒಂದೊಂದಾಗಿ ಸಾಲಾಗಿ ಹೇಳುವುದು, ಆಮೇಲೆ ಬರೀ ಹೇಳುವುದು. ಜರ್ಮನ್‌ನಲ್ಲಿ ತಕಾರ ಇನ್ನೊಮ್ಮೆ ಬದಲಾಗಿ ‘ತ್ಸ’ ಆಯಿತು. ‘ತ್ಸಾಲ್’ ಸಂಖ್ಯೆ, ‘ಎರ್‌ತ್ಸೇಲೆನ್’ ಕಥೆ ಹೇಳು. ಡಚ್‌ನಲ್ಲಿ ‘ತಾಲ್’ ಅಂದರೆ ಭಾಷೆಯೇ. ಇಂಗ್ಲಿಷಿನ ‘ಟೆಲ್’ ಮತ್ತು ‘ಟೇಲ್’ ಇದೇ ಮನೆಯವು. ‘ಟೆಲ್’ಗೂ ಮೊದಲು ಎಣಿಸು ಅಂತ ಅರ್ಥವಿತ್ತು. ನಂಬಿಕೆ ಬರದಿದ್ದರೆ ಬ್ಯಾಂಕಿಗೆ ಹೋಗಿ. ಟೆಲ್ಲರ್ ಕೌಂಟರಿನಲ್ಲಿ ಕೂತವರು ಏನನ್ನೂ ಹೇಳುವುದಿಲ್ಲ, ನೋಟು ಎಣಿಸುತ್ತಾರೆ.

ನಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ನಮ್ಮ ಕಡೆ, ಕರಾವಳಿಯಲ್ಲೂ, “ನೀ ನಿನ್ನೆಯೇ ಬರ್ತೀಯ ಅಂತ ಎಣಿಸಿದ್ದೆ” ಅನ್ನುತ್ತಾರೆ. ಅಲ್ಲಿ ಯಾರೂ ಬೆರಳು ಮಡಚಿಲ್ಲ. ಎಣಿಸೋದು ಅಂದರೆ ಅಂದುಕೊಳ್ಳೋದು. ನಮ್ಮಲ್ಲಿ ಎಣಿಕೆ ಮನಸ್ಸಿಗೆ ಹೋಯಿತು, ಅವರಲ್ಲಿ ಬಾಯಿಗೆ ಬಂತು.

ಸ್ವೀಡಿಶ್‌ನಲ್ಲಿ ಈ ತಾಲ್ ಎಲ್ಲೆಲ್ಲಿ ಅಡಗಿದೆ ಅಂತ ನೋಡೋಕೆ ಒಂದು ಪುಟ ಬೇಕಾಯಿತು. ಉಚ್ಚಾರಣೆ ಅಂದರೆ ‘ಊತ್‌ತಾಲ್’. ಸಂಭಾಷಣೆ, ಫೋನ್ ಕರೆ ಎರಡೂ ‘ಸಮ್‌ತಾಲ್’. ಒಪ್ಪಂದ ‘ಆವ್‌ತಾಲ್’. ಸಂಸತ್ತಿನ ಸಭಾಧ್ಯಕ್ಷರು ‘ತಾಲ್‌ಮನ್’. ಇವೆಲ್ಲ ಮಾತಿನ ಕಡೆಯವು. ಲೆಕ್ಕದ ಕಡೆ ‘ಆನ್‌ತಾಲ್’, ಎಷ್ಟು ಸಂಖ್ಯೆ ಅಂತ. ಮತ್ತು ನನಗೆ ತೀರಾ ಇಷ್ಟವಾದದ್ದು, ಅಂಗಡಿಯ ಕಾರ್ಡ್ ಮಶೀನಿನ ಮೇಲೆ ದಿನಾ ಕಾಣುವ ‘ಬೆತಾಲಾ’. ಹಣ ಕೊಡು ಅಂತ. ಎಣಿಸಿ ಕೊಡು. ಜರ್ಮನ್ ವ್ಯಾಪಾರಿಗಳ ಮಾತಿನಿಂದ ಬಂದ ಶಬ್ದ. ಬಂದ ಹೊಸದರಲ್ಲಿ ನಾನು ಅದನ್ನು ಬೇತಾಳ ಅಂತಲೇ ಓದುತ್ತಿದ್ದೆ. ಇಲ್ಲಿನ ಬೆಲೆ ನೋಡಿದರೆ ಅದೇನೂ ತಪ್ಪು ಓದಲ್ಲ. ಪ್ರತಿ ಸಲ ಬೆನ್ನೇರಿ ಕೂರುತ್ತದೆ.

ಆಡುಮಾತಿನಲ್ಲಿ ಸ್ವೀಡಿಶ್‌ನವರು ತಾಲಾ ಅನ್ನುವುದು ಕಮ್ಮಿ, ‘ಪ್ರಾತಾ’ ಅನ್ನುತ್ತಾರೆ. ತಾಲಾ ಸ್ವಲ್ಪ ಇಸ್ತ್ರಿ ಹಾಕಿದ ಶಬ್ದ. ಗಾದೆಯಲ್ಲಿ ಗಟ್ಟಿಯಾಗಿ ಉಳಿದಿದೆ: “ತಾಲಾ ಆರ್ ಸಿಲ್ವೆರ್, ತೀಗಾ ಆರ್ ಗುಲ್ಡ್.” ಮಾತು ಬೆಳ್ಳಿ, ಮೌನ ಬಂಗಾರ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಅದು ನಮ್ಮ ಗಾದೆ ಮಾರಾಯ, ಅವರಿಗೆ ಯಾರು ಕೊಟ್ಟಿದ್ದು?” ಅಂದಳು. ಗಾದೆಗಳು ಮಾತ್ರ ಶಬ್ದಗಳ ಹಾಗಲ್ಲ. ಪಾಸ್‌ಪೋರ್ಟ್ ಇಲ್ಲದೆ ಊರೂರು ತಿರುಗುತ್ತವೆ.

ಐಸ್‌ಲ್ಯಾಂಡಿನವರು ಇದನ್ನೆಲ್ಲ ಮೀರಿಸಿದ್ದಾರೆ. ಅವರಲ್ಲಿ ‘ತಾಲಾ’ ಅಂದರೆ ಮಾತಾಡು, ಭಾಷಣ, ಸಂಖ್ಯೆ, ಜೊತೆಗೆ ಅಂಗಿಯ ಗುಂಡಿಯೂ ಹೌದು. 1960ರ ದಶಕದಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂದಾಗ ಹೊರಗಿನ ಹೆಸರು ಬೇಡ ಅಂತ ವಿದ್ವಾಂಸ ಸಿಗುರ್ಥುರ್ ನೋರ್ದಾಲ್ ಹೊಸ ಶಬ್ದ ಕಟ್ಟಿದರು. ಸಂಖ್ಯೆಯ ‘ತಾಲಾ’ವನ್ನೂ ಭವಿಷ್ಯ ಹೇಳುವ ಹೆಂಗಸಿನ ಹಳೆಯ ಹೆಸರು ‘ವೋಲ್ವಾ’ವನ್ನೂ ಬೆಸೆದು ‘ತೋಲ್ವಾ’ ಮಾಡಿದರು. ಲೆಕ್ಕದ ಕೊರವಂಜಿ ಅನ್ನಿ! ಅದೇ ಈಗ ಅಲ್ಲಿ ಕಂಪ್ಯೂಟರಿಗೆ ಎಲ್ಲರೂ ಬಳಸುವ ಶಬ್ದ. ಓದಿ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ಆಮೇಲೆ ನಮ್ಮ ‘ಗಣಕ’ ನೆನಪಾಯಿತು. ಸಂಸ್ಕೃತದಲ್ಲಿ ಗಣಕ ಅಂದರೆ ಲೆಕ್ಕ ಮಾಡುವವನು, ಜಾತಕ ಗುಣಿಸುವ ಜ್ಯೋತಿಷಿಯೂ ಹೌದು. ಅಂದರೆ ನಾವೂ ಗೊತ್ತಿಲ್ಲದೆ ಅದನ್ನೇ ಮಾಡಿದ್ದೇವೆ. ಆದರೆ ಅವರು ತೋಲ್ವಾ ಅನ್ನುತ್ತಾರೆ, ನಾವು ಕಂಪ್ಯೂಟರ್ ಅನ್ನುತ್ತೇವೆ.

ಕಬೀಲ್ ತಾಲಾದ ಕಡೆ ಅರ್ಥಗಳ ಇಷ್ಟು ಸರ್ಕಸ್ ಇಲ್ಲ. ಅದು ಒರತೆ, ನೀರಿನ ಬುಗ್ಗೆ, ಅಷ್ಟೇ. ಅದು ಹರಡಿರುವುದು ಜಾಗದ ಹೆಸರುಗಳಲ್ಲಿ. ಬೆಜಾಯಾ ಪ್ರಾಂತದಲ್ಲಿ ತಾಲಾ ಹಮ್ಜಾ, ಸೆತಿಫ್ ಪ್ರಾಂತದಲ್ಲಿ ತಾಲಾ ಇಫಾಸೆನ್. ಜುರ್ಜುರಾ ಬೆಟ್ಟದಲ್ಲಿ ಜನ ಹಿಮದ ಮೇಲೆ ಜಾರಾಟಕ್ಕೆ ಹೋಗುವ ತಾಲಾ ಗಿಲೆಫ್. ಆಫ್ರಿಕಾದಲ್ಲಿ ಹಿಮ! ಇಲೆಫ್ ಅಂದರೆ ಕಾಡುಹಂದಿ. ‘ಹಂದಿಯ ಒರತೆ’ ಅಂತ ಹೆಸರು. ‘ನ್ ಯಿಲೆಫ್’ ಅಂತ ಇದ್ದದ್ದು ಬಾಯಲ್ಲಿ ಉರುಳಿ ಉರುಳಿ ‘ಗಿಲೆಫ್’ ಆಗಿದೆ. ಸಂಧಿ ಕಾರ್ಯ ಅಂತ ನಾವು ಬಾಯಿಪಾಠ ಮಾಡಿದ್ದು ಅಲ್ಲಿ ನಕ್ಷೆಯ ಮೇಲೇ ಕಾಣುತ್ತದೆ. ಮತ್ತೆ, ಒಳಗೆ ಹರಿಯುವ ನೀರಿಗೆ ‘ಅಮಾನ್’ ಅಂತಾರೆ. ಅದು ಯಾವಾಗಲೂ ಬಹುವಚನ. ನೀರು ಬಂದವು, ನೀರು ತಣ್ಣಗಿವೆ. ಒಂದು ನೀರು ಅಂತ ಅವರು ಹೇಳುವಂತೆಯೇ ಇಲ್ಲ.

ಹಾಗಾದರೆ ತಲಕಾವೇರಿ? ಅದರ ಕಥೆ ಸರಳ. ತಲೆ. ತಮಿಳಿನ ತಲೈ, ತೆಲುಗಿನ ತಲ, ತುಳುವಿನ ತರೆ, ಎಲ್ಲ ಒಂದೇ ಮನೆ. ನದಿಯ ತಲೆ ಇರುವ ಜಾಗ. ಒರತೆಗೂ ಅದಕ್ಕೂ ಸಂಬಂಧ ಇಲ್ಲ. ನದಿಗೆ ನಾವು ತಲೆ ಕೊಟ್ಟರೆ ಬರ್ಬರ್ ಭಾಷೆಗಳಲ್ಲಿ ನೀರಿಗೆ ಕಣ್ಣು ಕೊಟ್ಟಿದ್ದಾರೆ. ಒರತೆಗೆ ಅವರಲ್ಲಿ ಇನ್ನೊಂದು ಶಬ್ದ ‘ತಿತ್’, ಅದರ ನೇರ ಅರ್ಥ ಕಣ್ಣು. ಬಹುವಚನ ‘ತಿತ್ತಾವಿನ್’. ಮೊರಾಕೊದ ತೆತ್ವಾನ್, ಟ್ಯುನೀಶಿಯಾದ ತತಾವಿನ್ ಊರುಗಳ ಹೆಸರು ಅದೇ. ಬಾವಿ ತೋಡುವಾಗ ‘ಜಲದ ಕಣ್ಣು ಸಿಕ್ತು’ ಅಂತ ನಮ್ಮವರೂ ಅನ್ನುತ್ತಾರಲ್ಲ, ಹಾಗೆ.

ಈ ಎಲ್ಲ ಓದಿನ ನಡುವೆ ಒಂದು ದಿನ ಪೆಸಿಫಿಕ್ ಸಾಗರದ ಸಮೋವಾ ಸಿಕ್ಕಿತು. ಅಲ್ಲಿನ ಭಾಷೆಯಲ್ಲಿ ‘ತಲ’ ಅಂದರೆ ಕಥೆ, ಹೇಳುವುದು! ಉಚ್ಚಾರವೂ ಸುಮಾರಾಗಿ ಅದೇ, ಅರ್ಥವೂ ಅದೇ, ಸ್ವೀಡನ್ನಿಗೂ ಅದಕ್ಕೂ ಅರ್ಧ ಭೂಮಿಯ ದೂರ. ಅವರ ದುಡ್ಡಿಗೂ ‘ತಾಲಾ’ ಅಂತಲೇ ಹೆಸರು, ಅದು ಮಾತ್ರ ಡಾಲರ್ ಸವೆದು ಆದದ್ದು. ಒಂದು ವರ್ಷದ ಹಿಂದಾಗಿದ್ದರೆ ವೈಕಿಂಗರನ್ನು ಸಮೋವಾಕ್ಕೂ ಹಡಗು ಹತ್ತಿಸುತ್ತಿದ್ದೆ. ಈಗ ಸುಮ್ನೆ ಪುಸ್ತಕದಲ್ಲಿ ಬರೆದುಕೊಂಡೆ. ತ, ಲ, ಆ. ಮೂರೂ ಮಕ್ಕಳ ಬಾಯಿಗೂ ಸುಲಭವಾಗಿ ಬರುವ ಸದ್ದುಗಳು. ಸಾವಿರಾರು ಭಾಷೆಗಳು ಇಂಥ ಚಿಕ್ಕ ಚಿಕ್ಕ ಶಬ್ದಗಳನ್ನು ಕಟ್ಟುವಾಗ ಎರಡು ಕಡೆ ಒಂದೇ ಶಬ್ದ ಬರದಿದ್ದರೇನೇ ಆಶ್ಚರ್ಯ.

ಕೋರ್ಸು ಮುಗಿದು ಸಹಪಾಠಿ ಬೇರೆ ಊರಿಗೆ ಹೋದಳು. ಪುಸ್ತಕ ಮಾತ್ರ ನಿಂತಿಲ್ಲ, ಇಬ್ಬರೂ ಶಬ್ದ ಕಳಿಸಿಕೊಳ್ಳುತ್ತಲೇ ಇದ್ದೇವೆ. ‘ಸಿನ್’ ಅಂದರೆ ಸ್ವೀಡಿಶ್‌ನಲ್ಲಿ ‘ತನ್ನ’, ಅವಳ ಭಾಷೆಯಲ್ಲಿ ‘ಎರಡು’. ಕಳೆದ ಬೇಸಿಗೆಯಲ್ಲಿ ಕೋಪನ್‌ಹೇಗನ್ನಿಗೆ ಹೋದಾಗ ಒಂದು ಬಾರಿನ ಹೊರಗೆ ‘ಫಾದ್ ಓಲ್’ ಅಂತ ದೊಡ್ಡ ಫಲಕ ಕಂಡಿತು. ಪೀಪಾಯಿಂದ ಬಗ್ಗಿಸುವ ಬಿಯರ್. ‘ಫಾದ್’ ಅಂದರೆ ಪೀಪಾಯಿ, ತಟ್ಟೆಗೂ ಅದೇ ಶಬ್ದ. ಡೇನಿಶ್‌ನವರು ಆ ದಕಾರವನ್ನು ನಾಲಗೆ ಸಡಿಲ ಬಿಟ್ಟು ಕರಗಿಸಿ ಹೇಳುತ್ತಾರೆ. ಕಬೀಲ್‌ನವರ ದಕಾರವೂ ಹಾಗೇ ಮೆತ್ತಗೆ. ಅವರ ಭಾಷೆಯಲ್ಲಿ ‘ಫಾದ್’ ಅಂದರೆ ಬಾಯಾರಿಕೆ. ಈ ಸಲ ಕಣ್ಣಷ್ಟೇ ಅಲ್ಲ, ಕಿವಿಗೂ ಹೆಚ್ಚುಕಮ್ಮಿ ಒಂದೇ.

ಫುಟ್‌ಪಾತಿನಲ್ಲಿ ನಿಂತೇ ಫೋನಿನಲ್ಲಿ ಹುಡುಕಿದೆ. ಡೇನಿಶ್ ಶಬ್ದ ಹಿಂದಕ್ಕೆ ಹೋದರೆ ‘ಫಾತ್’. ಸ್ವೀಡಿಶ್‌ನಲ್ಲಿ ಈಗಲೂ ಹಾಗೇ ಇದೆ. ಆ ದಕಾರ ಮೊದಲು ತಕಾರ. ಕಬೀಲ್‌ನದ್ದೋ, ಅದೇ ಭಾಷಾ ಕುಟುಂಬದ, ದೂರದ ಸಹಾರಾದ ತ್ವಾರೆಗ್ ಜನರ ಮಾತಿನಲ್ಲೂ ದಕಾರವೇ. ಒಂದೇ ನಿಮಿಷದಲ್ಲಿ ಮುಗಿಯಿತು, ಆರು ತಿಂಗಳು ಬೇಕಾಗಲಿಲ್ಲ.

ಆದರೂ ಫಲಕದ ಫೋಟೊ ತೆಗೆದು ಅವಳಿಗೆ ಕಳಿಸಿದೆ. ಉತ್ತರ ಒಂದೇ ಶಬ್ದ ಬಂತು: “ಫ್ಫುದೆಘ್.”

ನಂಗೆ ಬಾಯಾರಿಕೆ ಆಗಿದೆ.